ಹಾಜಿ ಮಕ್ಕಿ ಕಟ್ಟುವ ಸಡಿಲ ಗಂಟು

ಹಾಜಿ ಮಕ್ಕಿಯ ಬಾಯಿ ಕೆಟ್ಟದ್ದು ಎಂದು ನಮ್ಮ ಸಿತ್ರಾ ದ್ವೀಪದ ಗ್ಯಾರೇಜು ಸಾಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಅವನ ಪಕ್ಕದ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ವೆಲ್ಡಿಂಗ್ ಮಾಡಿದ ನಾನೇ ಹೇಳುತ್ತೇನೆ, ಬೆಳಗಿನ ಚಹಾಕ್ಕೆ ಮೊದಲು ಅವನಿಂದ ಒಂದು ಒಳ್ಳೆಯ ಮಾತು ಕೇಳಿದ್ದು ನೆನಪಿಲ್ಲ. ಆದರೆ ಅವನ ಕೈಕೆಲಸಕ್ಕೆ ಹೆಸರಿಟ್ಟವನ ನಾಲಿಗೆ ಬಿದ್ದುಹೋಗಲಿ.

ಮಕ್ಕಿ ಮೊದಲು ಎಣ್ಣೆ ಕಾರ್ಖಾನೆಯ ಬೆಂಕಿ ದಳದಲ್ಲಿದ್ದವನು. ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟುಬಂದ. ನಿವೃತ್ತನಾದ ಮೇಲೆ ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಕಾರುಗಳಿಗೆ ಬೆಂಕಿ ಆರಿಸುವ ಸಿಲಿಂಡರ್ ಕೂರಿಸುವುದನ್ನೇ ಕಸುಬು ಮಾಡಿಕೊಂಡ. ಹುಡುಗರು ಸಿಲಿಂಡರ್ ಕಟ್ಟಲು ಪ್ಲಾಸ್ಟಿಕ್ ಪಟ್ಟಿ ಹಿಡಿದುಕೊಂಡು ಬಂದರೆ ಅವತ್ತಿಡೀ ಬೈಗುಳ. "ಲೋ, ಗಾಡಿ ಗೋಡೆಗೆ ಗುದ್ದಿದ್ರೆ ಈ ಎರಡು ಕಿಲೋ ಕಬ್ಬಿಣ ಎಲ್ಲಿಗೆ ಹಾರುತ್ತೆ ಗೊತ್ತಾ? ನೆಟ್ಟಗೆ ನಿನ್ನ ಬುರುಡೆಗೆ. ಒಳಗೇನೂ ಇಲ್ಲ ಅಂತ ಆಗ ಎಲ್ಲರಿಗೂ ಗೊತ್ತಾಗುತ್ತೆ!"

ಅವನ ಕ್ರಮವೇ ಬೇರೆ. ಸೀಟಿನ ಮುಂದಿನ ಹಾಸು ಕಿತ್ತು, ನೆಲದ ತಗಡಿಗೆ ತೂತು ಕೊರೆದು, ಅಡಿಯಿಂದ ಅಂಗೈಯಗಲದ ಉಕ್ಕಿನ ಬಿಲ್ಲೆ ಕೊಟ್ಟು ಬೋಲ್ಟು ಬಿಗಿಯುತ್ತಿದ್ದ. ಬಿಲ್ಲೆ ಕತ್ತರಿಸಿಕೊಡುವುದು ನನ್ನ ಪಾಲಿನ ಕೆಲಸ. ಬಿಗಿದ ಮೇಲೆ ಸಿಲಿಂಡರ್ ಹಿಡಿದಿಟ್ಟ ಉಕ್ಕಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಇಡೀ ಗಾಡಿ ಓಲಾಡುವ ಹಾಗೆ ಜಗ್ಗುತ್ತಿದ್ದ. ಕೊನೆಗೆ ಓಡಿಸುವವನನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟುಗಳನ್ನೆಲ್ಲ ಬಿಗಿದು, "ಕಣ್ಮುಚ್ಚು. ಎಳಿ ಪಿನ್ನು" ಎನ್ನುತ್ತಿದ್ದ. ಹಿಡಿಕೆಯ ಮೇಲಿನ ಆ ಪಿನ್ನು ಹೊರಗೆಳೆದು ಹಿಡಿಕೆ ಒತ್ತಿದರೆ ಮಾತ್ರ ಸಿಲಿಂಡರ್ ಬಾಯಿ ಬಿಡುವುದು. ಕಣ್ಣು ಮುಚ್ಚಿ ಮೂರು ಸಲ ಎಳೆಯದೆ ಗಾಡಿ ಅವನ ಶೆಡ್ಡು ದಾಟುವಂತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಗಾಡಿ ದಾಟಿತು.

ಅದು ಫಾದಿಲನದು. ವಾರವೆಲ್ಲ ಶಾಲೆಯ ಬಸ್ಸನ್ನು ಆಮೆಯ ಹಾಗೆ ಓಡಿಸಿ, ಶುಕ್ರವಾರ ಟ್ರ್ಯಾಕ್‌ನಲ್ಲಿ ಸೇಡು ತೀರಿಸಿಕೊಳ್ಳುವವನು. ಇಪ್ಪತ್ತಾರು ವರ್ಷ, ಮನೆಗೊಬ್ಬನೇ ಮಗ. ಗುರುವಾರ ಸಂಜೆ ಮಕ್ಕಿ ಹೊಸ ಸಿಲಿಂಡರ್ ಕೂರಿಸಿ, ಜಗ್ಗಿ ನೋಡಿ, "ಪಿನ್ನಿನ ಪರೀಕ್ಷೆ ನಾಳೆ" ಎಂದು ಕಳಿಸಿದ್ದ.

ಮರುದಿನ ಬೆಳಿಗ್ಗೆ ಫಾದಿಲನ ಜೊತೆ ಅವನ ತಾಯಿಯೂ ಬಂದಳು. ಊರೆಲ್ಲ ಆಕೆಯನ್ನು ಮಗನ ಹೆಸರು ಸೇರಿಸಿ ಉಮ್ ಫಾದಿಲ್ ಎಂದೇ ಕರೆಯುವುದು. ಮಶ್ಹದ್ ಯಾತ್ರೆ ಮುಗಿಸಿ ಬಂದು ಮೂರು ದಿನವಾಗಿತ್ತು. ಚೀಲದಿಂದ ಹಸಿರು ಬಟ್ಟೆಯ ಪಟ್ಟಿಯೊಂದನ್ನು ತೆಗೆದಳು. ಅಲ್ಲಿನ ಇಮಾಮರ ಗೋರಿಯ ಜಾಲರಿಗೆ ಮುಟ್ಟಿಸಿ ತಂದದ್ದು.

"ಬೆಂಕಿಯಿಂದ ಕಾಯೋದು ಇದೇ ತಾನೇ ಹಾಜಿ?" ಎಂದು ಸಿಲಿಂಡರ್ ತೋರಿಸಿದಳು.

"ಹೌದಮ್ಮ."

"ಹಾಗಿದ್ರೆ ಇಲ್ಲೇ ಕಟ್ತೀನಿ."

ಬಾಗಿ, ಪ್ರವಾದಿಯವರಿಗೆ ಶುಭ ಕೋರುವ ಸಲವಾತ್ ಹೇಳುತ್ತಾ, ಒಂದೊಂದು ಸಲವಾತಿಗೆ ಒಂದೊಂದರಂತೆ ಮೂರು ಗಂಟು ಹಾಕಿದಳು. ಪಟ್ಟಿ ಹಿಡಿಕೆಯನ್ನು ಸುತ್ತಿ, ಪಿನ್ನಿನ ಉಂಗುರದೊಳಗೆ ನುಗ್ಗಿ, ಮತ್ತೆ ಹಿಡಿಕೆಗೇ ಬಿಗಿಯಿತು. ನಾನು ನೋಡಿದೆ. ಮಕ್ಕಿಯೂ ನೋಡಿದ.

"ಉಮ್ ಫಾದಿಲ್, ಅದು ಅಲ್ಲಿ..." ಎಂದು ಬಾಯಿ ತೆರೆದ. ಆಕೆ ಗಂಟಿಗೆ ಮುತ್ತಿಡುತ್ತಿದ್ದಳು. ಮಕ್ಕಿ ಬಾಯಿ ಮುಚ್ಚಿದ. ಇನ್ನೊಬ್ಬರು ಹರಕೆಯಿಂದ ಕಟ್ಟಿದ ಹಸಿರನ್ನು ನಾವು ಯಾರೂ ಕೈಯಾರೆ ಬಿಚ್ಚುವುದಿಲ್ಲ. ಅದು ತಾನಾಗಿ ಸವೆದು ಉದುರಬೇಕು. ಅದರಲ್ಲೂ ತಾಯಿಯ ಕಣ್ಣೆದುರಿಗೆ, ಯಾರ ಎದೆಗೆ ಧೈರ್ಯ ಬಂದೀತು? ನನಗಂತೂ ಬರಲಿಲ್ಲ.

ಆಕೆ ಹೋದ ಮೇಲೆ ಮಕ್ಕಿ ಮೆಲ್ಲಗೆ, "ಫಾದಿಲ್, ಇದನ್ನ ಗಾಡಿ ಒಳಗೆ ತಲೆ ಮೇಲಿರೋ ಪೈಪಿಗೆ ಕಟ್ಟಿಕೊಳ್ಳೋ" ಎಂದ.

"ಬಿಚ್ಚಿದ್ದು ಅಮ್ಮನಿಗೆ ಗೊತ್ತಾದ್ರೆ ಮನೆ ಒಳಗೆ ಸೇರಿಸಲ್ಲ ಹಾಜಿ. ಬಟ್ಟೆ ತಾನೇ, ಜೋರಾಗಿ ಎಳೆದ್ರೆ ಹರಿದುಹೋಗುತ್ತೆ."

"ಹರಿಯುತ್ತೆ ಬಿಡು" ಎಂದೆ ನಾನು. ಹೌದು, ನಾನೇ ಅಂದದ್ದು, ಬೇಗ ಹೊರಡುವ ಆತುರಕ್ಕೆ. ಮಕ್ಕಿ ಪರೀಕ್ಷೆ ಮಾಡಲಿಲ್ಲ. ಎಳೆದರೆ ಗಂಟು ಹರಿಯುತ್ತದಲ್ಲ, ಅದಕ್ಕೇ ಮಾಡಲಿಲ್ಲ.

ಮಧ್ಯಾಹ್ನ ನಾವಿಬ್ಬರೂ ಟ್ರ್ಯಾಕ್‌ನ ಬೇಲಿಗೊರಗಿ ನಿಂತಿದ್ದೆವು. ಆರನೆಯ ಸುತ್ತಿನಲ್ಲಿ, ಎಲ್ಲಕ್ಕಿಂತ ದೂರದ ತಿರುವಿನಲ್ಲಿ ಫಾದಿಲನ ಗಾಡಿ ನಿಂತಿತು. ಮುಂಭಾಗದಿಂದ ಹೊಗೆ ಬಂತು, ಹಿಂದೆಯೇ ಉರಿ. "ಇಳಿಯೋ! ಇಳಿಯೋ ಕತ್ತೆ!" ಎಂದು ಮಕ್ಕಿ ಗಂಟಲು ಹರಿಯುವಂತೆ ಕೂಗಿದ. ಅಷ್ಟು ದೂರ ಯಾರಿಗೆ ಕೇಳುತ್ತದೆ? ಬಾಗಿಲು ತೆರೆಯಲಿಲ್ಲ. ಒಳಗೆ ಅವನು ಮುಂದಕ್ಕೆ ಬಗ್ಗಿ ಏನನ್ನೋ ಎಳೆಯುತ್ತಿದ್ದ ಎಂದು ಮೊದಲು ತಲುಪಿದ ಟ್ರ್ಯಾಕ್‌ನವರು ಆಮೇಲೆ ಹೇಳಿದರು. ಅವರೇ ಬೆಲ್ಟು ಕೊಯ್ದು ಹೊರಗೆಳೆದದ್ದು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ಹತ್ತನೆಯ ದಿನ ಮಣ್ಣು ಮಾಡಿದೆವು.

ಸುಟ್ಟ ಗಾಡಿಯನ್ನು ನನ್ನ ಶೆಡ್ಡಿನ ಹಿಂದೆ ತಂದು ನಿಲ್ಲಿಸಿದ್ದರು. ಮಕ್ಕಿ ಒಳಗೆ ತೂರಿ ಸಿಲಿಂಡರ್ ಹೊರತಂದ. ಬೋಲ್ಟು ಒಂದೂ ಅಲುಗಿರಲಿಲ್ಲ, ಉಕ್ಕಿನ ಪಟ್ಟಿ ಕೂರಿಸಿದ ಹಾಗೇ ಇತ್ತು. ಪಿನ್ನೂ ಇದ್ದಲ್ಲೇ ಇತ್ತು. ಅದರ ಉಂಗುರ ಮಾತ್ರ ಎಳೆದ ರಭಸಕ್ಕೆ ಉದ್ದವಾಗಿ ಹಿಗ್ಗಿಹೋಗಿತ್ತು. ಹಿಡಿಕೆಯ ಸಂದಿಯಲ್ಲಿ ಕರಕಲು ಬಟ್ಟೆಯ ಚೂರು, ಅದರಲ್ಲಿ ಇನ್ನೂ ಬಿಚ್ಚಿಕೊಳ್ಳದ ಒಂದು ಗಂಟು. ಮಕ್ಕಿ ಅದನ್ನು ಬಿಡಿಸಿ ಜೇಬಿಗೆ ಹಾಕಿಕೊಂಡು ನನ್ನ ಮುಖ ನೋಡಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ನಲವತ್ತನೆಯ ದಿನ ಉಮ್ ಫಾದಿಲ್ ಮಗನ ಹೆಸರಿನಲ್ಲಿ ಗೋಧಿ, ಮಾಂಸ ಬೇಯಿಸಿದ ಹರೀಸ್ ಹಂಚುತ್ತಾ ಗ್ಯಾರೇಜಿಗೂ ಬಂದಳು. ಬಟ್ಟಲು ಕೆಳಗಿಟ್ಟು ನಿಂತೇ ಇದ್ದಳು.

"ಹಾಜಿ, ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬೇಡಿ. ಕೊನೆ ಗಳಿಗೇಲಿ ಆ ಹಸಿರು ಅವನ ಕೈಗೆ ಸಿಕ್ಕಿತ್ತಾ?"

ಮಕ್ಕಿಯ ಕೈ ಜೇಬಿಗೆ ಹೋಯಿತು. ಇವನು ತೆಗೆದು ತೋರಿಸಿಬಿಡುತ್ತಾನೆ ಎಂದುಕೊಂಡೆ. ತೋರಿಸಿದರೆ ಆ ತಾಯಿ ಅಲ್ಲೇ ಸತ್ತುಹೋಗುತ್ತಿದ್ದಳು.

"ಸಿಕ್ಕಿತ್ತಮ್ಮ" ಎಂದ. "ಗಟ್ಟಿಯಾಗಿ ಹಿಡ್ಕೊಂಡಿದ್ದ."

ಸುಳ್ಳು ಹೇಳಬೇಡಿ ಎಂದಿದ್ದಳಲ್ಲ, ಅವನು ಹೇಳಲಿಲ್ಲ.

"ಅಲ್‌ಹಮ್ದುಲಿಲ್ಲಾ" ಎಂದು ಆಕೆ ಸೆರಗಿನಂತೆ ಇಳಿಬಿದ್ದ ಅಬಾಯಾದ ಅಂಚಿನಿಂದ ಕಣ್ಣೊರೆಸಿಕೊಂಡಳು. "ಹಾಗಿದ್ರೆ ನನ್ನ ಕೂಸು ಒಂಟಿ ಇರಲಿಲ್ಲ." ಆಮೇಲೆ ಚೀಲದಿಂದ ಇನ್ನೊಂದು ಸುರುಳಿ ತೆಗೆದಳು. ಅದೇ ಹಸಿರು, ಅದೇ ಬಟ್ಟೆ. "ಉಳಿದದ್ದು ಇದು. ಬೇರೆ ತಾಯಂದಿರ ಮಕ್ಕಳ ಗಾಡಿಗೆ ನೀವೇ ಕಟ್ಟಿ ಹಾಜಿ. ನಿಮ್ಮನ್ನ ಬಿಟ್ಟು ನನಗೆ ಇನ್ಯಾರ ಮೇಲೂ ನಂಬಿಕೆ ಇಲ್ಲ."

ಮಕ್ಕಿ ಎರಡೂ ಕೈ ಚಾಚಿ ತೆಗೆದುಕೊಂಡ. ಆವತ್ತು ಅವನು ಯಾರನ್ನೂ ಬೈಯಲಿಲ್ಲ. ಬೈಗುಳ ವಾಪಸು ಬರಲು ತಿಂಗಳುಗಟ್ಟಲೆ ಹಿಡಿಯಿತು, ಬಂದಾಗ ನನಗೇ ಎಷ್ಟು ಸಮಾಧಾನವಾಯಿತೆಂದರೆ ಹೇಳಲಾರೆ.

ಈಗಲೂ ಬೋಲ್ಟು ಬಿಗಿಯುತ್ತಾನೆ, ಜಗ್ಗುತ್ತಾನೆ, ಕಣ್ಣು ಮುಚ್ಚಿಸಿ ಪಿನ್ನು ಎಳೆಸುತ್ತಾನೆ. ಮೂರಲ್ಲ, ಹತ್ತು ಸಲ. ಎಲ್ಲ ಮುಗಿದ ಮೇಲೆ ಹಸಿರು ಸುರುಳಿಯಿಂದ ಎಳೆಯಷ್ಟು ಹರಿದು, ಸಿಲಿಂಡರ್‌ನಿಂದ ದೂರ, ತಲೆಯ ಮೇಲಿನ ಪೈಪಿಗೆ ಒಂದು ಸುತ್ತು ಸುತ್ತಿ, ಬೆರಳು ತಾಗಿದರೆ ಬಿಚ್ಚಿಕೊಳ್ಳುವಂತೆ ಕಟ್ಟುತ್ತಾನೆ.

ಕಳೆದ ವಾರ ಉಮ್ ಫಾದಿಲ್ ಹಾದುಹೋಗುವಾಗ ಅದನ್ನು ನೋಡಿ ನಿಂತಳು.

"ಇದೇನು ಹಾಜಿ, ಇಷ್ಟು ಸಡಿಲ! ನನ್ನ ಹಾಗೆ ಗಟ್ಟಿಯಾಗಿ ಕಟ್ಟೋಕೆ ಬರಲ್ವಾ ನಿಮಗೆ?"

ಮಕ್ಕಿ ಪೈಪಿನಿಂದ ಕಣ್ಣು ತೆಗೆಯಲಿಲ್ಲ.

"ಬರಲ್ಲಮ್ಮ" ಎಂದ.