ಎರಡನೇ ಗೇರಿನಲ್ಲಿ ಈರಪ್ಪಣ್ಣ

ಈರಪ್ಪಣ್ಣನ ಜೀಪಿನಲ್ಲಿ ಮುಂದಿನ ಸೀಟು ರೋಗಿಗೇ ಮೀಸಲು. ಪಂಚಾಯ್ತಿ ಅಧ್ಯಕ್ಷರೇ ಹತ್ತಿದರೂ ಹಿಂದಕ್ಕೆ ಅಟ್ಟುತ್ತಿದ್ದ. "ಕಾಯ್ಲೆ ಇದ್ರೆ ಮುಂದ್ ಕೂತ್ಕಳಿ ಸ್ವಾಮಿ. ಇಲ್ದಿದ್ರೆ ಹಿಂದೆ ಹೋಗಿ ಚೀಲ ಹಿಡ್ಕಳಿ."

ಹಾನುಬಾಳಿನಿಂದ ಹಾಸನದ ಆಸ್ಪತ್ರೆಗೆ ಅವನು ಸಾಗಿಸದ ಜನವಿಲ್ಲ: ನಮ್ಮ ಲಿಂಗಾಯತರ ಮನೆಯವರು, ಎಸ್ಟೇಟಿನ ಕೂಲಿ ಲೈನಿನ ಅಸ್ಸಾಮಿನವರು, ಅಂಗಡಿಯ ಮಲಯಾಳಿ ಕಾಕಾ. ನಾನು ಅವನ ಹತ್ತಿರ ಡ್ರೈವಿಂಗ್ ಕಲಿತೆ. ಜೊತೆಗೆ, ಆಸ್ಪತ್ರೆಯ ಡಾಕ್ಟರನ್ನು ಅಣಕಿಸುವುದನ್ನೂ. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ "ನೋಡಿ... ಏನಂದ್ರೆ..." ಎಂದರೆ ಸಾಕು, ಈರಪ್ಪಣ್ಣ ಸ್ಟೇರಿಂಗ್ ಮೇಲೆ ಬಿದ್ದು ನಗುತ್ತಿದ್ದ. ನನ್ನ ಮುಖಕ್ಕೆ ಬೇರೆಯವರ ಮುಖವೇ ಒಪ್ಪುತ್ತದೆ, ಸ್ವಂತದ್ದು ಅಷ್ಟಕ್ಕಷ್ಟೇ.

"ದೊಡ್ಡ ಕಾಯ್ಲೆ ಅಂದ್ರೆ ಎಲ್ಲಾ ಜಾತಿ ಮನೆಯೋರೂ ಡಾಕ್ಟ್ರಿಗೆ ಹೇಳೋದು ಒಂದೇ ಕಣೋ, 'ಕಾಯ್ಲೆಯೋರಿಗೆ ಹೇಳ್ಬೇಡಿ' ಅಂತ," ಎಂದಿದ್ದ ಒಮ್ಮೆ. "ಹೋಮ್‌ಸ್ಟೇಗೆ ಬಂದಿದ್ನಲ್ಲ ಫಾರಿನ್‌ನೋನು, ಅವನೊಬ್ಬ ನಂಗೇ ಹೇಳಿ ಅಂದ. ಹೇಳ್ಬುಟ್ರು. ವಾಪಸ್ ಬರ್ತಾ ನನ್ ಕೈ ಹಿಡ್ಕಂಡ ನೋಡು, ಗೇರ್ ಹಾಕಕ್ಕೇ ಬುಡ್ಲಿಲ್ಲ. ಏನೂ ಗೊತ್ತಿಲ್ದೆ ಇದ್ದ ಕಾಕಾನೂ ಹಂಗೇ ಹಿಡ್ಕಂಡಿದ್ದ."

"ಹಂಗಾದ್ರೆ ಹೇಳೋದು ಸರಿನಾ, ಮುಚ್ಚಿಡೋದು ಸರಿನಾ ಅಣ್ಣ?"

"ಊರಿಂದು ನಂಗೊತ್ತಿಲ್ಲ. ನಂಗ್ ಬಂದ್ರೆ ನೀನು ಹೇಳ್ಬುಡು ಮಾರಾಯ." ನಗುತ್ತಾ ಹೂಂ ಎಂದೆ.

ಬಂತು. ಹೊಟ್ಟೆಯಲ್ಲಿ, ಗೊತ್ತಾಗಿದ್ದು ಕೈ ಮೀರಿದ ಮೇಲೆ. ಹೆಂಡತಿ ಗೌರಕ್ಕ ಡಾಕ್ಟರ ಬಾಯಿ ಮುಚ್ಚಿಸಿ, ಹೊರಗೆ ಬಂದು ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನನಗೂ ಆಣೆಯಿಟ್ಟಳು. "ಗೊತ್ತಾದ್ರೆ ಇವತ್ತೇ ಅನ್ನ ಬುಟ್ಬುಡ್ತಾರೆ ಕಣಪ್ಪ. ನಿನ್ ಕಾಲಿಗೆ ಬೀಳ್ತೀನಿ." ಬಿದ್ದೇ ಬಿಟ್ಟಳು.

ಅವನು ಆ ಜೀಪಿನಲ್ಲಿ ಕೂತಿದ್ದು ಅವತ್ತು ವಾಪಸ್ ಬರುವಾಗಲೇ ಕೊನೆ. ನಾನು ಓಡಿಸುತ್ತಿದ್ದೆ, ಅವನು ರೋಗಿಯ ಸೀಟಿನಲ್ಲಿದ್ದ. ಹಿಂದೆ ಗೌರಕ್ಕ ಕಣ್ಣು ಮುಚ್ಚಿ ಒರಗಿದ್ದಳು. ಸಕಲೇಶಪುರ ದಾಟಿ ಏರು ಹತ್ತುವಾಗ ಈರಪ್ಪಣ್ಣ ಮೆಲ್ಲಗೆ ಕೇಳಿದ: "ಎಲ್ಲಿ, ಡಾಕ್ಟ್ರನ್ನ ಮಾಡ್ ತೋರ್ಸೋ. ಇವತ್ತು ಇವ್ಳಿಗೆ ಏನಂದ್ರು?"

ಕನ್ನಡಕ ಜಾರಿಸಿದೆ. "ನೋಡಿ... ಏನಂದ್ರೆ..." ಊರಿನವರೆಲ್ಲರ ದನಿ ಬರುವ ಗಂಟಲಿನಲ್ಲಿ ನನ್ನದೇ ದನಿ ಬಂತು. ಒಡೆದುಹೋಯಿತು.

"ಥೂ, ಚೂರೂ ಡಾಕ್ಟ್ರ ಥರ ಇಲ್ಲ," ಎಂದ. ಆಮೇಲೆ ಗೇರಿನ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡ. ಎಲುಬಷ್ಟೇ ಉಳಿದಿದ್ದ ಕೈ, ಆದರೂ ಬಿಡಿಸಿಕೊಳ್ಳಲಾಗದ ಹಿಡಿತ. ಏರು ಮುಗಿದು ರಸ್ತೆ ಮಟ್ಟವಾಯಿತು. ಎರಡನೇ ಗೇರಿನಲ್ಲೇ ಎಂಜಿನ್ ಅರಚತೊಡಗಿತು.

ಹಿಂದಿನಿಂದ ಗೌರಕ್ಕನ ದನಿ ಬಂತು.

"ಗೇರ್ ಬದ್ಲಾಯಿಸ್ಬೇಡ ಕಣಪ್ಪ. ಹಂಗೇ ಹೋಗ್ಲಿ."