ಚಿಪ್ಪಿನ ಕಾಲಿಗೆ ಕೆಂಪು ಬಣ್ಣ

ಉಗುರುಬಣ್ಣದ ಶೀಶೆ ತೆರೆದಾಗಲೆಲ್ಲ ನನಗೆ ರಾಯದುರ್ಗದ ನಮ್ಮಜ್ಜಿಯ ಕುರಿಗಳು ನೆನಪಾಗುತ್ತವೆ. ಬೇರೆಯವರ ಮಂದೆಯಲ್ಲಿ ಬೆರೆತರೂ ಗುರುತು ಸಿಗಲೆಂದು ಅವಳು ಅವಕ್ಕೆ ಕೆಂಪು ಬಣ್ಣ ಹಚ್ಚುತ್ತಿದ್ದಳು.

ಅಪ್ಪನದು ಟೈಪಿಂಗ್ ಶಾಲೆ. ಅಲ್ಲಿದ್ದ ಒಂದೇ ಕಂಪ್ಯೂಟರಿಗೆ ಮೆಮೊರಿ ಸಾಲದೆ ಬಳ್ಳಾರಿಯಿಂದ ಒಂಬತ್ತು ಚಿಪ್ಪು ತಂದ. ಮೆಕ್ಯಾನಿಕ್ಕನನ್ನು ನಂಬದೆ ತಾನೇ ಕೂರಿಸಲು ಹೊರಟ.

“ಕೆಟ್ರ, ಅಂಗಡಿಯವ ಇವು ನನ್ನವಲ್ಲ ಅಂತಾನ,” ಎಂದ ಅಪ್ಪ.

“ಗುರುತು ಹಾಕಪಾ,” ಎಂದಳು ಅಜ್ಜಿ. “ಬೆನ್ನಿಗೆ ಹಚ್ಚಿದ್ರ ಒರೆಸಿಬಿಡ್ತಾರ. ಕಾಲಿಗೆ ಹಚ್ಚು.”

ಚಿಪ್ಪುಗಳ ಎರಡೂ ಬದಿಗೆ ಸಣ್ಣ ಲೋಹದ ಕಾಲುಗಳಿದ್ದವು. ಅಜ್ಜಿಯ ಡಬ್ಬಿಯ ಬಣ್ಣವನ್ನು ನಾನೇ ಬೆಂಕಿಕಡ್ಡಿಯಿಂದ ಹಚ್ಚಿದೆ. ಒಣಗಿದ ಮೇಲೆ ಅಪ್ಪ ಉಸಿರು ಬಿಗಿಹಿಡಿದು ಒಂದೊಂದನ್ನೇ ಒತ್ತಿ ಕೂರಿಸಿದ. ಕಂಪ್ಯೂಟರ್ ಹಳೆಯ ಮೆಮೊರಿಯನ್ನಷ್ಟೇ ತೋರಿಸಿತು.

“ನೋಡಿದ್ಯಾ? ಸತ್ತ ಮಾಲು ಕೊಟ್ಟಾನ!”

ಮರುದಿನ ಚಿಪ್ಪುಗಳನ್ನು ಕಿತ್ತುಕೊಂಡು ಅಪ್ಪ, ನಾನು ಇಬ್ಬರೂ ಬಳ್ಳಾರಿ ಬಸ್ಸು ಹತ್ತಿದೆವು. ಅಂಗಡಿಯವರು ಚಿಪ್ಪುಗಳನ್ನು ನೋಡಿ ಅಪ್ಪನ ಮುಖ ನೋಡಿದರು.

“ಕಾಲಿಗೆ ಬಣ್ಣ ಬಳದ್ರ ಕರೆಂಟ್ ಹೆಂಗ ಹರೀಬೇಕ್ರಿ?”

ಒಳಕೋಣೆಗೆ ಒಯ್ದು ಬ್ಲೇಡಿನಿಂದ ಕೆರೆದು ತಂದರು. ತಮ್ಮ ಕಂಪ್ಯೂಟರಿಗೆ ಹಾಕಿ ತೋರಿಸಿದರು. ಒಂಬತ್ತೂ ಕೆಲಸ ಮಾಡಿದವು.

ವಾಪಸು ಬರುವಾಗ ಅಪ್ಪ ಚಿಪ್ಪುಗಳ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದ. ನಾಚಿಕೆಯಾಗಿರಬೇಕು ಎಂದುಕೊಂಡೆ. ಓಬಳಾಪುರ ದಾಟಿದ ಮೇಲೆ ಪೊಟ್ಟಣ ಬಿಚ್ಚಿ ನೋಡುತ್ತ ಪಿಸುಗುಟ್ಟಿದ: “ಒಳಗ ಯಾಕ ಒಯ್ದ? ಗುರುತೂ ಕೆರೆದ. ಈಗ ಇವು ನಮ್ಮವೇ ಅಂತ ಹೆಂಗ ಹೇಳೋದು?”

ಇವತ್ತು ಲ್ಯಾಪ್‌ಟಾಪ್ ರಿಪೇರಿಗೆ ಕೊಡಬೇಕಿತ್ತು. ಕೊಡುವ ಮೊದಲು ಅದರ ಹಿಂಬದಿ ಬಿಚ್ಚಿ, ಮೆಮೊರಿ ಚಿಪ್ಪುಗಳಿಗೆ ಒಂದೊಂದು ಉಗುರುಬಣ್ಣದ ಚುಕ್ಕೆ ಇಟ್ಟೆ.

ಕಾಲಿಗಲ್ಲ, ಬೆನ್ನಿಗೆ.