ಕರೆಂಟು ಬಂದ ಬೆಳಿಗ್ಗೆ

ಕಳೆದ ವಾರ ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಕರೆಂಟು ಹೋಯಿತು. ಪಕ್ಕದ ಬೇಕರಿಯವರು ಜನರೇಟರ್ ಹಚ್ಚಿದರು. ಆ ಡೀಸೆಲ್ ಹೊಗೆ ಮೂಗಿಗೆ ಬಡಿದದ್ದೇ ನಾನು ದೂರ ಹೋಗಿ ನಿಂತೆ. ಈ ವಾಸನೆ ಬಂದಾಗಲೆಲ್ಲ ನಮ್ಮ ಪಕ್ಕದ ಮನೆಯ ಲೈನ್‌ಮನ್ ಅಣ್ಣ ಕಣ್ಣೆದುರು ಬರುತ್ತಾನೆ...

ಬಹಳ ವರ್ಷಗಳ ಹಿಂದೆ ಒಮ್ಮೆ ಮುಂಗಾರಿಗೆ ಮುಂಚೆ ಎದ್ದ ಬಿರುಗಾಳಿಗೆ ತಿಪ್ಪಸಂದ್ರದಿಂದ ನಮ್ಮೂರಿನವರೆಗೂ ಕಂಬಗಳು ಮುರಿದುಬಿದ್ದಿದ್ದವು. ತೆಂಗಿನ ಮರಗಳು ತಂತಿಗಳ ಮೇಲೇ ಉರುಳಿದ್ದವು. ಅಣ್ಣ ಮನೆಗೆ ಬರುತ್ತಿದ್ದದ್ದು ಊಟಕ್ಕೆ ಮಾತ್ರ. ಅಷ್ಟರಲ್ಲೇ ಬೀದಿಯವರೆಲ್ಲ ಕರೆಂಟು ಯಾವಾಗ ಎಂದು ಕೇಳಲು ಅವನ ಬಾಗಿಲಲ್ಲಿ ಸೇರಿಬಿಡುತ್ತಿದ್ದರು.

“ಮೊದ್ಲು ದೊಡ್ಡ ಲೈನು ನಿಲ್ಬೇಕು ಕಣವ್ವ,” ಎಂದು ನನ್ನ ತಾಯಿಗೆ ಹೇಳುತ್ತಿದ್ದ. “ಆಮೇಲೆ ಆಸ್ಪತ್ರೆ, ನೀರಿನ ಪಂಪು. ನಮ್ ಬೀದಿ ಕೊನೇಗೆ.”

“ಲೈನ್‌ಮನ್ ಮನೇನೂ ಕೊನೇಗೇನಾ?” ಎಂದು ಅವನ ಹೆಂಡತಿ ರೇಗಿದರೆ ನಗುತ್ತಿದ್ದ. ನಾವು ಅವಳನ್ನು ಅಕ್ಕ ಎನ್ನುತ್ತಿದ್ದೆವು.

ಕೊನೆಗೂ ಒಂದು ಮಧ್ಯಾಹ್ನ ನಮ್ಮ ಬೀದಿಯ ಸರದಿ ಬಂತು. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಲೈನು ಆಫ್ ಆಗಿದೆಯೆಂದು ಖಚಿತ ಮಾಡಿಕೊಂಡೇ ಅಣ್ಣ ಕಂಬ ಹತ್ತಿದ. “ಮುದ್ದೆಗೆ ಎಸ್ರಿಡು, ಇಳ್ದು ಬಂದ್ಬುಡ್ತೀನಿ,” ಎಂದು ಮೇಲಿನಿಂದಲೇ ಅಕ್ಕನಿಗೆ ಕೂಗಿದ.

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ಹೊರಗೆ ಚೀರಾಟ ಕೇಳಿಸಿತು. ನಾವೆಲ್ಲ ಓಡಿಬಂದು ನೋಡಿದರೆ ಅಣ್ಣ ಸೊಂಟದ ಬೆಲ್ಟಿನಲ್ಲಿ ನೇತಾಡುತ್ತಿದ್ದ...

ಯಾರೋ ಮೇನ್ ಸ್ವಿಚ್ ಆಫ್ ಮಾಡದೆ ತಮ್ಮ ಮನೆಯಲ್ಲಿ ಜನರೇಟರ್ ಹಚ್ಚಿದ್ದರು. ಆ ಕರೆಂಟು ಹಿಂದಕ್ಕೆ ಹರಿದು ಕಂಬದ ತಂತಿಗೆ ಸೇರಿತ್ತು. ನಾವು ಹೊರಗೆ ಬರುವಷ್ಟರಲ್ಲಿ ಬೀದಿಯಲ್ಲಿ ಯಾವ ಜನರೇಟರಿನ ಸದ್ದೂ ಇರಲಿಲ್ಲ. ಬರೀ ಡೀಸೆಲ್ ಹೊಗೆ ಇತ್ತು. ಪೊಲೀಸರು ಮನೆಮನೆಗೂ ಬಂದು ವಿಚಾರಿಸಿದರು. ಎಲ್ಲರೂ ಹೇಳಿದ್ದು ಒಂದೇ: “ನಮ್ದಲ್ಲ ಸಾ.”

ಮಾರನೆಯ ಬೆಳಿಗ್ಗೆ ಅಣ್ಣನನ್ನು ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸಿದ್ದರು. ಬೇರೆ ಊರಿಂದ ಬಂದ ಲೈನ್‌ಮನ್‌ಗಳು ಅವನ ಕೆಲಸ ಮುಗಿಸುತ್ತಿದ್ದರು. ಇದ್ದಕ್ಕಿದ್ದಂತೆ ಹೆಣದ ಮೇಲೆ ತೂಗುತ್ತಿದ್ದ ಬಲ್ಬು ಝಗ್ಗನೆ ಹೊತ್ತಿಕೊಂಡಿತು. ಹಿಂದಿನ ಬೀದಿಯಲ್ಲಿ ಮಕ್ಕಳು “ಕರೆಂಟ್ ಬಂತು!” ಎಂದು ಕುಣಿದಾಡಿದರು. ಅಕ್ಕ ಎದ್ದು ಹೋಗಿ ಸ್ವಿಚ್ ಆರಿಸಿ, ಮತ್ತೆ ಬಂದು ಅವನ ತಲೆಯ ಬಳಿ ಕುಳಿತಳು.

“ಯಾರಿಗ್ ಬೇಕಾಗಿತ್ತು ಇದು?” ಎಂದಳು, ಅಷ್ಟೆ.

ಆಮೇಲೆ ಅವಳು ತವರಿಗೆ ಹೋದಳು. ಈಗ ಅವಳೂ ಇಲ್ಲ. ಆ ಮನೆಯಲ್ಲಿ ಬೇರೆಯವರಿದ್ದಾರೆ. ಉಳಿದಂತೆ ಬೀದಿಯ ಹಳಬರೆಲ್ಲ ಇಲ್ಲೇ ಇದ್ದೇವೆ. ಅಂದು ಸದ್ದಿಲ್ಲದೆ ಜನರೇಟರ್ ಆರಿಸಿ ಬಾಗಿಲು ಹಾಕಿಕೊಂಡವರೂ ಇಲ್ಲೇ ಇರಬೇಕು. ದಿನಾ ಎದುರಾಗಿ “ಊಟ ಆಯ್ತಾ?” ಎಂದು ಕೇಳುವವರಲ್ಲಿ ಅವರು ಯಾರೋ... ಆಯ್ತು ಎಂದು ಎಲ್ಲರಿಗೂ ಹೇಳುತ್ತೇನೆ.